ಉಸಿರಿಗೆ ಕಾವಲಾದ ವಿಜ್ಞಾನಿ

ಅನ್ನವಿಲ್ಲದೆ ಮನುಷ್ಯನು ಕೆಲವು ವಾರ ಬದುಕಬಲ್ಲನು. ನೀರಿಲ್ಲದೆ ಕೆಲವು ದಿನ ಬದುಕಬಲ್ಲನು. ಗಾಳಿಯಿಲ್ಲದೆ ಕೆಲವು ನಿಮಿಷಗಳ ಕಾಲವೂ ಬದುಕುವುದು ಕಷ್ಟ. ಆದರೆ ಪ್ರಾಣವನ್ನು ಪೊರೆಯುವ ಆ ಗಾಳಿಯೇ ಒಮ್ಮೊಮ್ಮೆ ಕಣ್ಣಿಗೆ ಕಾಣದ ವಿಷಧೂಳನ್ನು ಹೊತ್ತು ತರುತ್ತದೆ. ಅಂಥ ಧೂಳಿನ ನಡುವೆ ದುಡಿಯುವವರ ಉಸಿರನ್ನು ಕಾಪಾಡಲು ಶ್ರಮಿಸಿದವರಲ್ಲಿ ರಷ್ಯಾದ ರಸಾಯನ ವಿಜ್ಞಾನಿ ಇಗೋರ್ ಪೆಟ್ರಿಯಾನೋವ್-ಸೊಕೊಲೋವ್ ಪ್ರಮುಖರು.

ಪೆಟ್ರಿಯಾನೋವ್ 1907ರಲ್ಲಿ ನೀಜ್ನಿ ನೋವ್ಗೊರೋದ್ ಪ್ರಾಂತದ ಒಂದು ಹಳ್ಳಿಯಲ್ಲಿ ಜನಿಸಿದರು. ಮಾಸ್ಕೋ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, ಅದೇ ನಗರದ ಕಾರ್ಪೋವ್ ಸಂಸ್ಥೆಯಲ್ಲಿ ಸಂಶೋಧನೆಗೆ ತೊಡಗಿದರು. ಹೊಗೆ, ಮಂಜು, ಧೂಳುಗಳಂತೆ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳ ಅಧ್ಯಯನ ಅಲ್ಲಿ ನಡೆಯುತ್ತಿತ್ತು. ನಿಕೊಲಾಯ್ ಫುಕ್ಸ್ ಆ ವಿಭಾಗದ ಮುಖ್ಯಸ್ಥರು. ನತಾಲಿಯಾ ರೋಜೆನ್‌ಬ್ಲೂಮ್ ಸಹೋದ್ಯೋಗಿ.

ಅಧ್ಯಯನಕ್ಕೆ ಒಂದೇ ಗಾತ್ರದ ಸೂಕ್ಷ್ಮ ಕಣಗಳು ಬೇಕಾಗಿದ್ದವು. ಅದಕ್ಕಾಗಿ ಅವರು ನೈಟ್ರೋಸೆಲ್ಯುಲೋಸನ್ನು ಅಸಿಟೋನಿನಲ್ಲಿ ಕರಗಿಸಿ, ಪ್ರಬಲ ವಿದ್ಯುತ್ತಿನ ನೆರವಿನಿಂದ ಸಿಂಪಡಿಸಿದರು. 1938ರಲ್ಲಿ ಒಂದು ವಿಚಿತ್ರ ಸಂಗತಿ ಕಂಡುಬಂದಿತು. ಹನಿಗಳು ಬೀಳಬೇಕಾದ ಕಡೆ ನವಿರಾದ ಎಳೆಗಳು ಹೊರಬಂದವು. ಪ್ರಯೋಗ ಕೆಟ್ಟಿತೆಂದು ಆ ಎಳೆಗಳನ್ನು ಎಸೆದುಬಿಡಬಹುದಾಗಿತ್ತು. ಆದರೆ ಪೆಟ್ರಿಯಾನೋವ್ ಮತ್ತು ರೋಜೆನ್‌ಬ್ಲೂಮ್ ಅವುಗಳನ್ನು ಪರೀಕ್ಷಿಸಿ, ಗಾಳಿಯನ್ನು ಸೋಸಲು ಅವು ಅತ್ಯಂತ ಯೋಗ್ಯವೆಂದು ಕಂಡುಕೊಂಡರು.

ಈ ಸೋಸುವಿಕೆ ಜರಡಿಯ ಕೆಲಸದಂತಲ್ಲ. ಜರಡಿಯು ತನ್ನ ರಂಧ್ರಕ್ಕಿಂತ ದೊಡ್ಡ ಕಾಳನ್ನು ಮಾತ್ರ ತಡೆಯುತ್ತದೆ. ಎಳೆಗಳ ಹಾಸಿನಲ್ಲಿಯಾದರೋ ಸಂದುಗಳು ಧೂಳಿನ ಕಣಕ್ಕಿಂತ ದೊಡ್ಡವಾಗಿದ್ದರೂ ಕಣವು ಪಾರಾಗಲಾರದು. ದೊಡ್ಡ ಕಣವು ಗಾಳಿಯೊಡನೆ ತಿರುಗಲಾರದೆ ಎಳೆಗೆ ತಾಕುತ್ತದೆ. ಅತಿ ಚಿಕ್ಕ ಕಣವು ಅತ್ತಿತ್ತ ತತ್ತರಿಸುತ್ತ ಎಳೆಗೆ ಅಂಟುತ್ತದೆ. ಎಳೆಗಳಲ್ಲಿ ಉಳಿದ ವಿದ್ಯುದಾವೇಶವೂ ಕಣಗಳನ್ನು ಸೆಳೆಯುತ್ತದೆ. ಎಳೆ ತೆಳುವಾದಷ್ಟೂ ಸೋಸುವ ಶಕ್ತಿ ಹೆಚ್ಚು. ಆದುದರಿಂದ ತೆಳ್ಳನೆಯ ಹಾಸೇ ಸಾಕಾಗಿ, ಉಸಿರಾಟಕ್ಕೆ ತೊಡಕಾಗುವುದಿಲ್ಲ.

1939ರ ವೇಳೆಗೆ ತ್ವೆರ್ ನಗರದಲ್ಲಿ ಇದಕ್ಕಾಗಿ ಕಾರ್ಖಾನೆಯೇ ಸ್ಥಾಪನೆಯಾಯಿತು. ಸೈನ್ಯಕ್ಕೂ ಮುಂದೆ ಪರಮಾಣು ಉದ್ಯಮಕ್ಕೂ ಸಂಬಂಧಿಸಿದ ಕೆಲಸವಾದ್ದರಿಂದ ಹೊರಜಗತ್ತಿಗೆ ಇದು ಬಹುಕಾಲ ತಿಳಿಯಲಿಲ್ಲ. 1950ರ ದಶಕದಲ್ಲಿ ಪೆಟ್ರಿಯಾನೋವರು ಸಹೋದ್ಯೋಗಿಗಳೊಡನೆ ಹಗುರವಾದ ಮುಖವಾಡವೊಂದನ್ನು ರೂಪಿಸಿದರು. ಅದರ ಹೆಸರು ‘ಲೆಪೆಸ್ತೋಕ್’, ಎಂದರೆ ಹೂವಿನ ಎಸಳು. ವಿಷಾನಿಲವನ್ನು ಅದು ತಡೆಯಲಾರದು. ಧೂಳನ್ನು ಮಾತ್ರ ಸಮರ್ಥವಾಗಿ ತಡೆಯುತ್ತಿತ್ತು. 1986ರಲ್ಲಿ ಚೆರ್ನೋಬಿಲ್ ಪರಮಾಣು ಸ್ಥಾವರದ ದುರಂತವಾದಾಗ, ವಿಕಿರಣಧೂಳಿನ ನಡುವೆ ಶುದ್ಧೀಕರಣ ಕಾರ್ಯಕ್ಕಿಳಿದ ಅಸಂಖ್ಯಾತ ಜನರು ಈ ಎಸಳನ್ನೇ ಮುಖಕ್ಕೆ ಕಟ್ಟಿಕೊಂಡಿದ್ದರು.

1966ರಲ್ಲಿ ಲೆನಿನ್ ಪ್ರಶಸ್ತಿ ಅವರಿಗೆ ಸಂದಿತು. ಆದರೆ ಅವರು ಪ್ರಯೋಗಶಾಲೆಗೆ ಮಾತ್ರ ಅಂಟಿಕೊಂಡವರಲ್ಲ. 1965ರಲ್ಲಿ ಆರಂಭವಾದ ‘ರಸಾಯನಶಾಸ್ತ್ರ ಮತ್ತು ಜೀವನ’ ಎಂಬ ಜನಪ್ರಿಯ ಪತ್ರಿಕೆಯ ಸಂಪಾದಕರಾಗಿ, ಎಳೆಯರಿಗಾಗಿ ಪುಸ್ತಕಗಳನ್ನು ಬರೆದು, ವಿಜ್ಞಾನವನ್ನು ಸಾಮಾನ್ಯರ ಬಳಿಗೆ ಕೊಂಡೊಯ್ದರು. 1996ರಲ್ಲಿ ಅವರು ನಿಧನರಾದರು.

ಇಂದು ಇನ್ನೂ ಸೂಕ್ಷ್ಮವಾದ ನ್ಯಾನೋ ಎಳೆಗಳು ಗಾಳಿಯನ್ನಷ್ಟೇ ಅಲ್ಲದೆ ನೀರನ್ನೂ ಸೋಸುತ್ತಿವೆ. ಬಯಸಿದ ಫಲ ದೊರೆಯದಿದ್ದಾಗ, ದೊರೆತುದನ್ನು ತಾಳ್ಮೆಯಿಂದ ನೋಡಿದವರ ವಿವೇಕವು ಆ ಎಳೆಗಳ ಹಿಂದಿದೆ.