ಗಂಡಸಿನ ಗತ್ತು, ಗಂಡಸಿನ ಗಾಯ: ಟೆನೆಸ್ಸಿ ವಿಲಿಯಮ್ಸ್ ಬದುಕು

ಎರಡನೆಯ ಮಹಾಯುದ್ಧ ಮುಗಿದು ಎರಡು ವರ್ಷ ಕಳೆದಿತ್ತು. 1947ರ ಡಿಸೆಂಬರ್ 3ರಂದು ನ್ಯೂಯಾರ್ಕಿನ ಎಥೆಲ್ ಬ್ಯಾರಿಮೋರ್ ರಂಗಮಂದಿರದಲ್ಲಿ ಪರದೆ ಸರಿದಾಗ ಪ್ರೇಕ್ಷಕರು ಕಂಡದ್ದು ಹೊಸ ಬಗೆಯ ಗಂಡಸನ್ನು. ಸೇನೆಯಿಂದ ಮರಳಿದ ಶ್ರಮಜೀವಿ ಸ್ಟ್ಯಾನ್ಲಿ ಕೊವಾಲ್‌ಸ್ಕಿಯ ಲೋಕವೆಂದರೆ ಇಸ್ಪೀಟು, ಕುಡಿತ, ಅಬ್ಬರ. ಆ ಪಾತ್ರಕ್ಕೆ ಜೀವ ತುಂಬಿದ 23 ವರ್ಷದ ಮರ್ಲಾನ್ ಬ್ರ್ಯಾಂಡೊ ಮನೆಮಾತಾದರು. ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ ಎಂಬ ಆ ನಾಟಕಕ್ಕೆ 1948ರಲ್ಲಿ ಪುಲಿಟ್ಜರ್ ಪ್ರಶಸ್ತಿ ಸಂದಿತು. ಕರ್ತೃ ಟೆನೆಸ್ಸಿ ವಿಲಿಯಮ್ಸ್.

ಯುದ್ಧಾನಂತರದ ರಂಗಭೂಮಿಯಲ್ಲಿ ಗಂಡಸನ್ನು ಇಷ್ಟು ಭಯದಿಂದ, ಇಷ್ಟೇ ಮೋಹದಿಂದ ಚಿತ್ರಿಸಿದ ನಾಟಕಕಾರರು ವಿರಳ. ಈ ಎರಡೂ ಭಾವಗಳ ಬೇರು ಅವರ ಮನೆಯೊಳಗೇ ಇತ್ತು.

ಥಾಮಸ್ ಲೇನಿಯರ್ ವಿಲಿಯಮ್ಸ್ ಜನಿಸಿದ್ದು 1911ರ ಮಾರ್ಚ್ 26ರಂದು, ಮಿಸಿಸಿಪಿ ರಾಜ್ಯದ ಕೊಲಂಬಸ್‌ನಲ್ಲಿ. ತಂದೆ ಕಾರ್ನೀಲಿಯಸ್ ಊರೂರು ಸುತ್ತುವ ಸೇಲ್ಸ್‌ಮನ್, ಕುಡುಕ, ಮುಂಗೋಪಿ. ತಾಯಿ ಎಡ್ವಿನಾ ಪಾದ್ರಿಯ ಮಗಳು. ಬಾಲ್ಯದಲ್ಲಿ ಗಂಟಲಮಾರಿ ತಗುಲಿ ಬಹುಕಾಲ ಹಾಸಿಗೆ ಹಿಡಿದ ಹುಡುಗನಿಗೆ ಪುಸ್ತಕಗಳೇ ಸಂಗಾತಿಗಳಾದವು. ಮಗನ ಮೃದು ಸ್ವಭಾವ ತಂದೆಗೆ ಸಹ್ಯವಾಗಲಿಲ್ಲ. ಹೆಣ್ಣಿನ ಹೆಸರಿಟ್ಟು ಹಂಗಿಸುತ್ತಿದ್ದರು. ಕುಟುಂಬ ಸೇಂಟ್ ಲೂಯಿಸ್ ನಗರಕ್ಕೆ ಬಂದ ಬಳಿಕ ಮನೆಯ ಕಲಹ ಇನ್ನಷ್ಟು ಹೆಚ್ಚಿತು.

1930ರ ದಶಕದ ಆರಂಭದಲ್ಲಿ ತಂದೆ ಮಗನನ್ನು ಕಾಲೇಜಿನಿಂದ ಬಿಡಿಸಿ, ತಾವು ದುಡಿಯುತ್ತಿದ್ದ ಪಾದರಕ್ಷೆ ಕಂಪನಿಗೇ ಸೇರಿಸಿದರು. ಹಗಲು ಚಾಕರಿ, ರಾತ್ರಿ ಬರವಣಿಗೆ. 1935ರಲ್ಲಿ ದೇಹ, ಮನಸ್ಸು ಎರಡೂ ಕುಸಿದವು. ಚೇತರಿಸಿಕೊಂಡ ವಿಲಿಯಮ್ಸ್ 1938ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಪದವಿ ಪಡೆದರು. ಕೆಲಕಾಲದಲ್ಲೇ ಟೆನೆಸ್ಸಿ ಎಂಬ ಹೆಸರು ಧರಿಸಿದರು.

1943ರಲ್ಲಿ ಮನೋರೋಗಿಯಾಗಿದ್ದ ಅಕ್ಕ ರೋಸ್‌ಗೆ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಲಾಯಿತು. ಆಕೆ ಮತ್ತೆ ಮೊದಲಿನಂತಾಗಲಿಲ್ಲ. ಅಕ್ಕನನ್ನು ಕಾಪಾಡಲಾಗಲಿಲ್ಲವೆಂಬ ಕೊರಗು ತಮ್ಮನನ್ನು ಕೊನೆಯವರೆಗೂ ಬಿಡಲಿಲ್ಲ. 1944ರ ಡಿಸೆಂಬರಿನಲ್ಲಿ ಷಿಕಾಗೋದಲ್ಲಿ ರಂಗವೇರಿ, ಮರುವರ್ಷ ಬ್ರಾಡ್‌ವೇ ತಲುಪಿದ ‘ದಿ ಗ್ಲಾಸ್ ಮೆನಾಜರೀ’ ನಾಟಕದಲ್ಲಿ ಆ ಕೊರಗೇ ಕಥೆಯಾಯಿತು. ಅಲ್ಲಿ ಮನೆ ಬಿಟ್ಟು ಹೋದ ತಂದೆ ಕೇವಲ ಗೋಡೆಯ ಮೇಲಿನ ಭಾವಚಿತ್ರ. ಪಾದರಕ್ಷೆಯ ಗೋದಾಮಿನಲ್ಲಿ ದುಡಿಯುವ ಮಗನೂ ಕೊನೆಗೆ ತಾಯಿ, ಅಕ್ಕನನ್ನು ತೊರೆದು ಅದೇ ದಾರಿ ಹಿಡಿಯುತ್ತಾನೆ.

ಸ್ಟ್ಯಾನ್ಲಿಯಾದರೋ ಮನೆ ಬಿಡುವವನಲ್ಲ, ಮನೆಯನ್ನೇ ಆಳುವವನು. ಆಶ್ರಯ ಬೇಡಿ ಬಂದ ಹೆಂಡತಿಯ ಅಕ್ಕ ಬ್ಲಾಂಚ್ ಮೇಲೆ ಅತ್ಯಾಚಾರವೆಸಗುತ್ತಾನೆ. ನಾಟಕದಲ್ಲಿ ಹೆಂಡತಿ ಅವನೊಂದಿಗೇ ಉಳಿಯುತ್ತಾಳೆ. 1951ರ ಚಲನಚಿತ್ರದಲ್ಲಿ ಸೆನ್ಸಾರ್ ನಿಯಮಗಳಿಗೆ ಮಣಿದು ಆಕೆ ಗಂಡನನ್ನು ತೊರೆಯುವಂತೆ ತೋರಿಸಲಾಯಿತು. ತಪ್ಪಿಗೆ ಶಿಕ್ಷೆಯಾಗಬೇಕೆಂದು ಸಿನಿಮಾ ಬಯಸಿತು. ಶಿಕ್ಷೆಯಿಲ್ಲದೆ ಸಂಸಾರ ಸಾಗುವುದೇ ಭೀಕರವೆಂದು ನಾಟಕಕಾರರಿಗೆ ತಿಳಿದಿತ್ತು.

1955ರಲ್ಲಿ ಎರಡನೆಯ ಪುಲಿಟ್ಜರ್ ತಂದುಕೊಟ್ಟ ‘ಕ್ಯಾಟ್ ಆನ್ ಎ ಹಾಟ್ ಟಿನ್ ರೂಫ್’ ನಾಟಕದ ಬ್ರಿಕ್ ಇದಕ್ಕೆ ತದ್ವಿರುದ್ಧ. ಒಂದು ಕಾಲದ ಫುಟ್‌ಬಾಲ್ ಆಟಗಾರ, ಈಗ ಊರುಗೋಲು ಹಿಡಿದ ಕುಡುಕ. ಸತ್ತ ಗೆಳೆಯನ ಬಗ್ಗೆ ತನಗಿದ್ದ ಭಾವವನ್ನು ಹೆಸರಿಸಲೂ ಹೆದರುತ್ತಾನೆ. ಆ ಭಯ ಲೇಖಕರಿಗೆ ಅಪರಿಚಿತವಲ್ಲ. ವಿಲಿಯಮ್ಸ್ ಸಲಿಂಗಿಯಾಗಿದ್ದರು. ಅಂದಿನ ಅಮೆರಿಕದ ಕಾನೂನಿಗೆ ಅದು ಅಪರಾಧ. 1958ರ ಚಲನಚಿತ್ರ ಈ ಎಳೆಯನ್ನು ಬಹುಮಟ್ಟಿಗೆ ಅಳಿಸಿಹಾಕಿತು.

ಕಾರ್ನೀಲಿಯಸ್ 1957ರಲ್ಲಿ ನಿಧನರಾದರು. ಅದೇ ವರ್ಷ ಮನೋವಿಶ್ಲೇಷಣೆಗೆ ಒಳಗಾದ ವಿಲಿಯಮ್ಸ್, ತಂದೆಯ ಮೇಲಿನ ದ್ವೇಷವನ್ನು ಮರಳಿ ನೋಡಿದರು. ಮುಂದೆ ತಂದೆಯನ್ನೇ ಕುರಿತು ಬರೆದ ಪ್ರಬಂಧದಲ್ಲಿ ಕಾಣುವುದು ರಾಕ್ಷಸನಲ್ಲ. ತನ್ನದೇ ಮನೆಯಲ್ಲಿ ಯಾರಿಗೂ ಬೇಡವಾಗಿ, ಕುರ್ಚಿಯೊಂದರಲ್ಲಿ ಒಂಟಿಯಾಗಿ ಕುಳಿತ ಮನುಷ್ಯ. ತಿಳಿವಳಿಕೆ ಬಂದಿತ್ತು, ಹೇಳಿಕೊಳ್ಳಲು ತಂದೆ ಉಳಿದಿರಲಿಲ್ಲ.

1961ರ ‘ದಿ ನೈಟ್ ಆಫ್ ದಿ ಇಗ್ವಾನಾ’ ಅವರ ಕೊನೆಯ ದೊಡ್ಡ ಯಶಸ್ಸು. 1963ರಲ್ಲಿ ಬಹುಕಾಲದ ಸಂಗಾತಿ ಫ್ರಾಂಕ್ ಮೆರ್ಲೊ ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾದರು. ನಂತರದ್ದು ಮದ್ಯ, ಮಾತ್ರೆಗಳ ದಶಕ. 1969ರಲ್ಲಿ ಆಸ್ಪತ್ರೆ ಸೇರಬೇಕಾಯಿತು. ಹೊಸ ನಾಟಕಗಳು ಒಂದರ ಹಿಂದೊಂದು ಸೋತರೂ ಬರವಣಿಗೆ ನಿಲ್ಲಲಿಲ್ಲ.

1983ರ ಫೆಬ್ರವರಿ 25ರಂದು ನ್ಯೂಯಾರ್ಕಿನ ಹೋಟೆಲ್ ಕೊಠಡಿಯಲ್ಲಿ ಅವರು ಶವವಾಗಿ ಪತ್ತೆಯಾದರು. ಕಡಲಿನಲ್ಲಿ ಅಂತ್ಯಕ್ರಿಯೆಯಾಗಬೇಕೆಂಬ ಅವರ ಬಯಕೆ ನೆರವೇರಲಿಲ್ಲ. ತಾವು ದ್ವೇಷಿಸುತ್ತಿದ್ದ ಸೇಂಟ್ ಲೂಯಿಸ್‌ನಲ್ಲೇ ಮಣ್ಣಾದರು. ಆದರೆ ಉಯಿಲಿನ ಒಂದು ಮಾತು ನಡೆಯಿತು. ಆಸ್ತಿಯ ಬಹುಭಾಗ ಅಜ್ಜನ ನೆನಪಿಗೆ ವಿಶ್ವವಿದ್ಯಾಲಯವೊಂದಕ್ಕೆ ಸಲ್ಲುವಂತೆ ಬರೆದಿದ್ದರೂ, ಅಕ್ಕ ರೋಸ್‌ಳ ಆರೈಕೆಗೆ ಮೊದಲು ಹಣ ತೆಗೆದಿರಿಸಲಾಗಿತ್ತು. ಆಕೆ 1996ರವರೆಗೆ ಬದುಕಿದ್ದರು. ನಾಟಕದ ತಮ್ಮ ಅಕ್ಕನನ್ನು ಬಿಟ್ಟು ಹೋಗಿದ್ದ. ಅದನ್ನು ಬರೆದ ತಮ್ಮ ಬಿಡಲಿಲ್ಲ.