ಶಿಷ್ಯರ ನಡುವೆ ರಾಝಿ ಎಂಬ ವೈದ್ಯರು

ಇಂದಿನ ತೆಹ್ರಾನ್ ನಗರಕ್ಕೆ ಹೊಂದಿಕೊಂಡು ರಯ್ಯ್ ಎಂಬ ಪುರಾತನ ಪಟ್ಟಣವಿದೆ. ಸುಮಾರು 1,100 ವರ್ಷಗಳ ಹಿಂದೆ ಅಲ್ಲಿ ದೊಡ್ಡ ತಲೆಯ ವೃದ್ಧ ವೈದ್ಯರೊಬ್ಬರು ಕುಳಿತು ಪಾಠ ಹೇಳುತ್ತಿದ್ದರು. ಅವರ ಬಳಿ ಹಿರಿಯ ಶಿಷ್ಯರು, ಅವರ ಮುಂದೆ ಆ ಶಿಷ್ಯರ ಶಿಷ್ಯರು, ಅದಕ್ಕೂ ಆಚೆ ಹೊಸಬರು ಸಾಲಾಗಿ ಕುಳಿತಿರುತ್ತಿದ್ದರು. ಬಂದ ರೋಗಿ ಮೊದಲು ಹೊರಗಿನ ಸಾಲಿನವರಲ್ಲಿ ತನ್ನ ಕಷ್ಟವನ್ನು ಹೇಳಿಕೊಳ್ಳಬೇಕು. ಅವರಿಗೆ ರೋಗ ತಿಳಿದರೆ ಸರಿ, ಇಲ್ಲವಾದರೆ ಒಳಗಿನ ಸಾಲಿಗೆ. ಅವರೂ ಸೋತಾಗ ಮಾತ್ರ ಗುರುಗಳು ಮಾತನಾಡುತ್ತಿದ್ದರು. ಇದನ್ನು ಕಂಡಿದ್ದ ಆ ಊರಿನ ಹಿರಿಯರೊಬ್ಬರ ಮಾತನ್ನು ಇಬ್ನು ನದೀಮ್‌ರು ತಮ್ಮ ‘ಫಿಹ್ರಿಸ್ತ್’ ಗ್ರಂಥದಲ್ಲಿ ದಾಖಲಿಸಿದ್ದಾರೆ.

ಆ ವೈದ್ಯರೇ ಅಬೂಬಕರ್ ಮುಹಮ್ಮದ್ ಬಿನ್ ಝಕರಿಯ್ಯಾ ರಾಝಿ.

ಇದು ಶಿಷ್ಯರ ಜ್ಞಾನವನ್ನು ಪರೀಕ್ಷಿಸುವ ವಿಧಾನವೆಂದು ಸಾಮಾನ್ಯವಾಗಿ ಹೊಗಳಲಾಗುತ್ತದೆ. ಮಕ್ಕಳಿಗೆ ಪಾಠ ಹೇಳುವ ನನಗೆ ಅದರಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಔಷಧಿಯ ಜ್ಞಾನ ಇನ್ನೂ ಇಲ್ಲದ ಹೊಸಬ ರೋಗಿಗಾಗಿ ಮಾಡಬಹುದಾದ ಕೆಲಸ ಒಂದೇ. ಆತನ ಮಾತನ್ನು ಕೊನೆಯವರೆಗೂ ಕೇಳುವುದು. ವೈದ್ಯ ವಿದ್ಯೆಯ ಮೊದಲ ದಿನವೇ ಆತ ಕಲಿಯುತ್ತಿದ್ದುದು ಅದನ್ನು.

ರಾಝಿಯವರು ಜನಿಸಿದ್ದು ಹಿಜರಿ 251ರ ಶಅಬಾನಿನಲ್ಲಿ, ಅಂದರೆ ಕ್ರಿ.ಶ. 865ರಲ್ಲಿ. ಈ ದಿನಾಂಕವನ್ನು ನಮಗೆ ಉಳಿಸಿಕೊಟ್ಟವರು ಅಲ್‌ಬಿರೂನಿ. ಯೌವನದಲ್ಲಿ ಅವರ ಒಲವು ಸಂಗೀತದ ಕಡೆಗೂ ರಸವಿದ್ಯೆಯ ಕಡೆಗೂ ಇತ್ತು. ವೈದ್ಯಶಾಸ್ತ್ರಕ್ಕೆ ಬಂದದ್ದು ತಡವಾಗಿ. ಆದರೂ ರಯ್ಯ್‌ನ ಆಸ್ಪತ್ರೆಗೆ, ಅನಂತರ ಬಗ್ದಾದಿನ ಆಸ್ಪತ್ರೆಗೆ ಮುಖ್ಯಸ್ಥರಾದರು. ಸಿಡುಬು ಮತ್ತು ದಡಾರಗಳನ್ನು ಬೇರೆ ಬೇರೆಯಾಗಿ ಗುರುತಿಸಿ ಬರೆದ ಅವರ ಕೃತಿ ಶತಮಾನಗಳ ಕಾಲ ಯುರೋಪಿನಲ್ಲೂ ಓದಲ್ಪಟ್ಟಿತು. ಪ್ರವಾದಿತ್ವದ ಕುರಿತು ಅವರದೆಂದು ಹೇಳಲಾಗುವ ತಾತ್ವಿಕ ಅಭಿಪ್ರಾಯಗಳನ್ನು ವಿದ್ವಾಂಸರು ಖಂಡಿಸಿದ್ದಾರೆ. ಅದನ್ನು ಮರೆಮಾಚುವ ಅಗತ್ಯವಿಲ್ಲ. ಆ ವಿಷಯದಲ್ಲಿ ಅವರನ್ನು ಅನುಸರಿಸದವರೂ ರೋಗಿಯ ಮುಂದೆ ಅವರು ನಡೆದುಕೊಂಡ ರೀತಿಯನ್ನು ಮೆಚ್ಚಿದ್ದಾರೆ.

ಬಡರೋಗಿಗಳ ಬಗ್ಗೆ ಅವರ ಹೃದಯ ಬಹಳ ಮೃದು. ಚಿಕಿತ್ಸೆ ನೀಡುವುದಲ್ಲದೆ ಅವರ ಖರ್ಚಿಗೂ ಧಾರಾಳವಾಗಿ ಕೊಡುತ್ತಿದ್ದರು, ಸ್ವತಃ ಶುಶ್ರೂಷೆ ಮಾಡುತ್ತಿದ್ದರು. ವೈದ್ಯರೇ ಸಿಗದವರಿಗಾಗಿ ಒಂದು ಪುಸ್ತಕವನ್ನೂ ಬರೆದರು. ಸುಲಭವಾಗಿ ದೊರೆಯುವ ಆಹಾರ ಮತ್ತು ಔಷಧಿಗಳಿಂದ ಮನೆಯಲ್ಲೇ ಮಾಡಿಕೊಳ್ಳಬಹುದಾದ ಚಿಕಿತ್ಸೆಗಳು ಅದರಲ್ಲಿವೆ.

ಅರಸನೊಬ್ಬನ ವೈದ್ಯನಾಗಿ ನೇಮಕಗೊಂಡ ಶಿಷ್ಯನಿಗೆ ಅವರು ಬರೆದ ಪತ್ರ ಇಂದಿಗೂ ಉಳಿದಿದೆ. ಅರಮನೆಗೆ ಹೋಗುವವನಿಗೆ ಅವರು ಬಡವರ ನೆನಪನ್ನು ಕೊಟ್ಟು ಕಳುಹಿಸುತ್ತಾರೆ. ಶ್ರೀಮಂತನಿಗೆ ನೀಡುವ ಚಿಕಿತ್ಸೆಯನ್ನೇ ಬಡವನಿಗೂ ನೀಡಬೇಕು, ಜನರೊಂದಿಗೆ ಸೌಮ್ಯವಾಗಿರಬೇಕು, ರೋಗಿಯ ಗುಟ್ಟನ್ನು ಕಾಪಾಡಬೇಕು, ಅಹಂಕಾರ ಕೂಡದು, ಗುಣವಾಗುವುದಕ್ಕೆ ತನ್ನ ಕೈಚಳಕವನ್ನಲ್ಲ, ಅಲ್ಲಾಹನನ್ನು ಅವಲಂಬಿಸಬೇಕು. ಇನ್ನೊಂದೆಡೆ ಅವರು, ಸ್ವತಃ ವೈದ್ಯನಿಗೆ ಭರವಸೆ ಇಲ್ಲದಿದ್ದರೂ ರೋಗಿಗೆ ಗುಣವಾಗುವ ಆಸೆಯನ್ನು ಕೊಡಬೇಕೆನ್ನುತ್ತಾರೆ. ದೇಹದ ಸ್ಥಿತಿ ಮನಸ್ಸಿನ ಸ್ಥಿತಿಯನ್ನು ಹಿಂಬಾಲಿಸುತ್ತದೆ ಎಂಬುದು ಅವರ ಅನುಭವ. ರೋಗಿಗೆ ಸತ್ಯವನ್ನೇ ತಿಳಿಸಬೇಕೆನ್ನುವ ಇಂದಿನ ವೈದ್ಯರು ಇದನ್ನು ಒಪ್ಪಲಿಕ್ಕಿಲ್ಲ. ಆದರೆ ಭಯದಿಂದಲೇ ಅರ್ಧ ಸತ್ತಿರುವ ರೋಗಿಯನ್ನು ಕಂಡವರಿಗೆ ರಾಝಿಯವರ ಮಾತು ತಳ್ಳಿಹಾಕುವಂತಹದ್ದಲ್ಲ.

ಮುಪ್ಪಿನಲ್ಲಿ ಅವರ ಕಣ್ಣುಗಳು ಹೋದವು. ಶಸ್ತ್ರಚಿಕಿತ್ಸೆಗೆ ಒಪ್ಪಲಿಲ್ಲವಂತೆ. ಏಕೆಂಬುದಕ್ಕೆ ಹಲವು ಕತೆಗಳಿವೆ. ಹಿಜರಿ 313ರ ಶಅಬಾನಿನಲ್ಲಿ, ಕ್ರಿ.ಶ. 925ರಲ್ಲಿ ಅವರು ನಿಧನರಾದರು.

ಅವರು ಜೀವನವಿಡೀ ಬರೆದಿಟ್ಟಿದ್ದ ಟಿಪ್ಪಣಿಗಳು ಸಹೋದರಿಯ ಬಳಿ ಉಳಿದವು. ಮಂತ್ರಿ ಇಬ್ನುಲ್ ಅಮೀದ್‌ರು ಅವನ್ನು ಆಕೆಯಿಂದ ಪಡೆದು, ರಾಝಿಯವರ ಶಿಷ್ಯರನ್ನು ಕರೆಸಿ ಕ್ರಮವಾಗಿ ಜೋಡಿಸಿಸಿದರು. ಅದೇ ‘ಅಲ್‌ಹಾವಿ’. ಈ ಮಹಾಗ್ರಂಥದ ಅರಬಿ ಮೂಲವನ್ನು 1955ರಿಂದ ಆರಂಭಿಸಿ 23 ಸಂಪುಟಗಳಲ್ಲಿ ಮುದ್ರಿಸಿದ್ದು ನಮ್ಮ ನೆರೆಯ ಹೈದರಾಬಾದಿನ ದಾಇರತುಲ್ ಮಆರಿಫ್ ಸಂಸ್ಥೆ ಎಂಬುದು ಅನೇಕರಿಗೆ ತಿಳಿದಿರಲಾರದು.

ಅದರಲ್ಲಿ ಅಬ್ದುಲ್ಲಾ ಬಿನ್ ಸವಾದಾ ಎಂಬ ರೋಗಿಯ ವೃತ್ತಾಂತವಿದೆ. ಆತನಿಗೆ ಕೆಲವೊಮ್ಮೆ ದಿನವೂ, ಕೆಲವೊಮ್ಮೆ ದಿನ ಬಿಟ್ಟು ದಿನ ಚಳಿಜ್ವರ ಬರುತ್ತಿತ್ತು. ಇದು ನಾಲ್ಕನೆಯ ದಿನಕ್ಕೊಮ್ಮೆ ಬರುವ ಜ್ವರವಾಗಿ ತಿರುಗಬಹುದು, ಇಲ್ಲವೇ ಮೂತ್ರಪಿಂಡದಲ್ಲಿ ಹುಣ್ಣಿರಬಹುದು ಎಂದು ರಾಝಿಯವರು ಸಂದೇಹಪಟ್ಟರು. ಸ್ವಲ್ಪ ದಿನಗಳಲ್ಲಿ ಮೂತ್ರದಲ್ಲಿ ಕೀವು ಕಾಣಿಸಿಕೊಂಡಿತು. ಅದಕ್ಕೆ ತಕ್ಕ ಚಿಕಿತ್ಸೆ ನೀಡಿದರು, ರೋಗಿ ಗುಣಮುಖನಾದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೊದಲೇ ಖಚಿತವಾಗಿ ಹೇಳಲು ತಮಗೇಕೆ ಸಾಧ್ಯವಾಗಲಿಲ್ಲ ಎಂಬುದನ್ನೂ ಬರೆಯುತ್ತಾರೆ. ಎದ್ದು ನಿಂತಾಗ ಸೊಂಟದಲ್ಲಿ ಭಾರ ತೂಗಿದಂತಾಗುತ್ತದೆಯೇ ಎಂಬುದನ್ನು ರೋಗಿ ತಾನಾಗಿ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಕೇಳದೆ ಬಿಟ್ಟದ್ದು ತಮ್ಮ ಅಲಕ್ಷ್ಯವೆಂದು ಅವರೇ ಒಪ್ಪಿಕೊಂಡಿದ್ದಾರೆ.

ಟಿಪ್ಪಣಿಗಳನ್ನು ಜೋಡಿಸುತ್ತಿದ್ದ ಶಿಷ್ಯರ ಕೈಗೆ ಆ ಹಾಳೆ ಬಂದಾಗ ಗುರುಗಳು ಬದುಕಿರಲಿಲ್ಲ. ಅವರು ಅದನ್ನು ಇದ್ದಂತೆಯೇ ಗ್ರಂಥದಲ್ಲಿ ಸೇರಿಸಿದರು.