ಕಾರವಾರದ ಪತಂಗವಿಜ್ಞಾನಿ ಟಿ. ಆರ್. ಬೆಲ್

ಪತಂಗವೆಂಬ ಶಬ್ದಕ್ಕೆ ಸಂಸ್ಕೃತ ಕೋಶಗಳು ಸೂರ್ಯ, ಪಕ್ಷಿ, ಹಾರುವ ಹುಳು ಎಂದು ಹಲವು ಅರ್ಥಗಳನ್ನು ಹೇಳುತ್ತವೆ. ಕವಿಗಳಿಗಾದರೋ ಪತಂಗವೆಂದರೆ ದೀಪದ ಮೋಹಕ್ಕೆ ಸಿಲುಕಿ ಉರಿಯಲ್ಲಿ ಬಿದ್ದು ಸಾಯುವ ಜೀವಿ. ಶರಣರಲ್ಲಿ ಅಕ್ಕಮಹಾದೇವಿಯವರು ತನ್ನ ನೂಲಿನಿಂದ ತಾನೇ ಮನೆಯನ್ನು ಕಟ್ಟಿ ಅದರಲ್ಲಿಯೇ ಸಿಲುಕುವ ತೆರಣಿಯ ಹುಳುವನ್ನು ದೃಷ್ಟಾಂತವಾಗಿ ತಂದರು. ಆ ತೆರಣಿಯ ಹುಳುವೇ ನಾವು ಕಾಣುವ ರೇಷ್ಮೆಹುಳು. ಮಾಲೂರು, ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು ಸೀಮೆಗಳ ಎಷ್ಟೋ ಮನೆಗಳಿಗೆ ಅನ್ನವನ್ನೂ ಎಷ್ಟೋ ಮಕ್ಕಳಿಗೆ ವಿದ್ಯೆಯನ್ನೂ ದೊರಕಿಸಿಕೊಟ್ಟ ಜೀವಿಯದು. ಹಿಪ್ಪುನೇರಳೆಯ ಸೊಪ್ಪನ್ನು ಮೇದು, ನಾಲ್ಕು ಸಲ ಜ್ವರಕ್ಕೆ ಕುಳಿತು ಪೊರೆಯನ್ನು ಕಳಚಿ, ಚಂದ್ರಿಕೆಯಲ್ಲಿ ಗೂಡು ಕಟ್ಟುವ ಆ ಹುಳುವಿನ ಒಂದೊಂದು ದಿನದ ನಡೆಯೂ ಈ ಸೀಮೆಯ ಒಕ್ಕಲುಮಕ್ಕಳಿಗೆ ಬಾಯಿಪಾಠ. ಅದು ರೆಕ್ಕೆ ಪಡೆದು ಹೊರಬಂದಾಗ ಒಂದು ಪತಂಗವೇ ಆಗಿರುತ್ತದೆ.

ಭಾರತದಲ್ಲಿ ಇದುವರೆಗೆ ಗುರುತಿಸಲಾಗಿರುವ ಪತಂಗಜಾತಿಗಳು ಹತ್ತು ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಹುಟ್ಟಿನಿಂದ ಸಾವಿನವರೆಗೆ ಮನುಷ್ಯನು ಬಲ್ಲವು ಕೆಲವೇ ಕೆಲವು. ರೇಷ್ಮೆ ಬೆಳೆಗಾರನು ಒಂದು ಹುಳುವಿಗೆ ಸಲ್ಲಿಸುವ ಶ್ರದ್ಧೆಯನ್ನು, ಲಾಭದ ಆಸೆಯಿಲ್ಲದೆ, ಕಾಡಿನ ನೂರಾರು ಹುಳುಗಳಿಗೆ ಸಲ್ಲಿಸಿ ಆ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬಿದ ಮಹನೀಯರೊಬ್ಬರು ಕನ್ನಡನಾಡಿನ ಕಾರವಾರದಲ್ಲಿ ಬಾಳಿದರು. ಅವರೇ ಥಾಮಸ್ ರೀಡ್ ಡೇವಿಸ್ ಬೆಲ್.

ಬೆಲ್ ಅವರು 1863ರಲ್ಲಿ ಐರ್ಲೆಂಡ್ ದೇಶದ ಕಾರ್ಕ್ ಸೀಮೆಗೆ ಸೇರಿದ ಬ್ಯಾಂಡನ್ ಎಂಬ ಊರಿನಲ್ಲಿ ಜನಿಸಿದರು. 1880ರ ದಶಕದಲ್ಲಿ ಬೊಂಬಾಯಿ ಪ್ರಾಂತದ ಅರಣ್ಯ ಇಲಾಖೆಯನ್ನು ಸೇರಿ ಕನ್ನಡ ಸೀಮೆಗೆ ಬಂದರು. ಉತ್ತರ ಕನ್ನಡ ಜಿಲ್ಲೆಯು ಆಗ ಬೊಂಬಾಯಿ ಪ್ರಾಂತದ ಭಾಗವಾಗಿದ್ದಿತು; ಅದು ಮೈಸೂರು ರಾಜ್ಯಕ್ಕೆ ಸೇರಿದುದು 1956ರಲ್ಲಿ. ಪಡುವಣಕ್ಕೆ ಕಡಲು, ನಡುವೆ ಸಹ್ಯಾದ್ರಿಯ ಹಸಿರು ಗೋಡೆ, ಮೂಡಣಕ್ಕೆ ಧಾರವಾಡದ ಬಯಲಿನತ್ತ ಇಳಿಯುವ ಮಳೆ ಕಡಿಮೆಯಾದ ಎಲೆಯುದುರುವ ಕಾಡು ಇವೆಲ್ಲವೂ ಆ ಒಂದೇ ಜಿಲ್ಲೆಯಲ್ಲಿ ಒತ್ತೊತ್ತಾಗಿವೆ. ಜೀವಜಾತಿಗಳು ಎಲ್ಲಿ ನೆಲೆಸುತ್ತವೆ, ಎಲ್ಲಿ ನಿಂತುಬಿಡುತ್ತವೆ ಎಂಬುದನ್ನು ಅರಿಯಬಯಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ದೊರೆಯದು.

ಅಲ್ಲಿ ಬೆಲ್ ಅವರಿಗೆ ಇಬ್ಬರು ಸಮಾನಮನಸ್ಕರು ದೊರೆತರು. ಒಬ್ಬರು ಜಿಲ್ಲೆಯ ಕಲೆಕ್ಟರರಾಗಿದ್ದ ಜೇಮ್ಸ್ ಡೇವಿಡ್‌ಸನ್. ಇನ್ನೊಬ್ಬರು ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕೆನ್. ಈ ಐಟ್ಕೆನ್ ಅವರು 1883ರಲ್ಲಿ ಬೊಂಬಾಯಿಯ ನಿಸರ್ಗ ಇತಿಹಾಸ ಸಂಘವನ್ನು ಸ್ಥಾಪಿಸಿದವರಲ್ಲಿ ಒಬ್ಬರು. ಮೂವರೂ ಸೇರಿ ಉತ್ತರ ಕನ್ನಡದ ಚಿಟ್ಟೆಗಳನ್ನು ಕುರಿತು ಬರೆದ ಪ್ರಬಂಧಮಾಲೆ 1896ರಿಂದ ಆ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೊಟ್ಟೆಯಿಂದ ರೆಕ್ಕೆಯವರೆಗಿನ ಬೆಳವಣಿಗೆಯನ್ನು ಸ್ವತಃ ಕಂಡು ಬರೆದುದೇ ಅದರ ಹಿರಿಮೆ. ಮುಂದೆ ಬೆಲ್ ಅವರು ಒಬ್ಬರೇ ಬಯಲು ಸೀಮೆಯ ಸಾಮಾನ್ಯ ಚಿಟ್ಟೆಗಳನ್ನು ಕುರಿತ ಇನ್ನೊಂದು ಲೇಖನಮಾಲೆಯನ್ನು ಅದೇ ಪತ್ರಿಕೆಯಲ್ಲಿ 1927ರವರೆಗೆ ಬರೆದರು.

ಅವರ ಕಾರ್ಯದ ಬೆಲೆಯನ್ನು ತಿಳಿಯಬೇಕಾದರೆ ಅದಕ್ಕೆ ಮುನ್ನ ಭಾರತದ ಪತಂಗಗಳ ಗಣನೆ ಹೇಗೆ ನಡೆದಿದ್ದಿತೆಂಬುದನ್ನು ನೋಡಬೇಕು. ಕಲ್ಕತ್ತೆಯ ವಸ್ತುಸಂಗ್ರಹಾಲಯದಲ್ಲಿದ್ದ ಕೋಟ್ಸ್ ಅವರೂ ಕರ್ನಲ್ ಸ್ವಿನ್ಹೋ ಅವರೂ 1887ರಿಂದ 1889ರವರೆಗೆ ಭಾರತದ ಪತಂಗಗಳ ಒಂದು ಪಟ್ಟಿಯನ್ನು ಹೊರತಂದರು. ಅನಂತರ ನೀಲಗಿರಿಯಲ್ಲಿ ಚಹಾ ತೋಟಗಾರರಾಗಿದ್ದು ಪತಂಗಗಳ ಹವ್ಯಾಸಕ್ಕೆ ಮನಸೋತ ಜಾರ್ಜ್ ಹ್ಯಾಂಪ್‌ಸನ್ ಅವರು ಇಂಗ್ಲೆಂಡಿಗೆ ಮರಳಿ, ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಕುಳಿತು, ಬ್ರಿಟಿಷ್ ಭಾರತದ ಪ್ರಾಣಿಸಂಪತ್ತು ಎಂಬ ಗ್ರಂಥಮಾಲೆಗಾಗಿ ಪತಂಗಗಳನ್ನು ಕುರಿತ ನಾಲ್ಕು ಸಂಪುಟಗಳನ್ನು 1892ರಿಂದ 1896ರೊಳಗೆ ರಚಿಸಿದರು. ಭಾರತ, ಸಿಂಹಳ, ಬರ್ಮಾ ದೇಶಗಳ ಪತಂಗಗಳನ್ನೆಲ್ಲ ಒಂದು ವ್ಯವಸ್ಥೆಗೆ ತಂದ ಮಹಾಕಾರ್ಯವದು. ರೆಕ್ಕೆಯ ನರಗಳ ವಿನ್ಯಾಸ, ಬಣ್ಣ, ರೆಕ್ಕೆಯ ಅಗಲ, ಪತಂಗ ದೊರೆತ ಸ್ಥಳ ಇವುಗಳನ್ನು ಅವರು ಜಾತಿಜಾತಿಗೂ ಅಚ್ಚುಕಟ್ಟಾಗಿ ನಮೂದಿಸಿದರು. ಇಂದಿಗೂ ಭಾರತದ ಪತಂಗಗಳ ಅಧ್ಯಯನಕ್ಕೆ ತೊಡಗುವವರು ಆ ಸಂಪುಟಗಳನ್ನು ತೆರೆಯದೆ ಮುಂದೆ ಹೋಗುವಂತಿಲ್ಲ.

ಆದರೂ ಸೂಜಿಗೆ ಚುಚ್ಚಿದ ಒಣ ಪತಂಗವು ಹೇಳಬಲ್ಲುದು ಸ್ವಲ್ಪವೇ. ಅದು ಯಾವ ಎಲೆಯನ್ನು ತಿಂದು ಬೆಳೆಯಿತು, ಯಾವ ತಿಂಗಳಲ್ಲಿ ಕೋಶದಿಂದ ಹೊರಬಂದಿತು ಎಂಬ ಪ್ರಶ್ನೆಗಳಿಗೆ ಪೆಟ್ಟಿಗೆಯಲ್ಲಿ ಉತ್ತರವಿಲ್ಲ. ಒಂದೇ ತಾಯಿಯ ಮೊಟ್ಟೆಗಳಿಂದ ಹಸಿರು ಹುಳುವೂ ಕಂದು ಹುಳುವೂ ಹುಟ್ಟುವುದುಂಟು. ಗಂಡು ಹೆಣ್ಣುಗಳ ರೂಪ ತೀರ ಬೇರೆಯಾದ ಜಾತಿಗಳುಂಟು. ನೋಟಕ್ಕೆ ಒಂದೇ ಆಗಿ ಕಂಡರೂ ಬಾಳಿನಲ್ಲಿ ಬೇರೆಯಾದ ಜಾತಿಗಳೂ ಉಂಟು. ಇಂಥ ಸಂದೇಹಗಳು ತೀರಬೇಕಾದರೆ ಮೊಟ್ಟೆಯನ್ನು ಹುಡುಕಿ ತಂದು, ತಕ್ಕ ಸೊಪ್ಪನ್ನು ದಿನದಿನವೂ ಒದಗಿಸಿ, ಹುಳುವನ್ನು ಸಾಕಿ ನೋಡುವುದೊಂದೇ ದಾರಿ. ಬೆಲ್ ಅವರು ಹಿಡಿದುದು ಈ ದಾರಿಯನ್ನು.

ಹುಳುವನ್ನು ಸಾಕುವವನು ಗಿಡವನ್ನು ತಿಳಿಯದೆ ಇರಲಾರ. ಆದ್ದರಿಂದ ಬೆಲ್ ಅವರು ಸಸ್ಯಶಾಸ್ತ್ರದಲ್ಲಿಯೂ ಪರಿಶ್ರಮವುಳ್ಳವರಾದರು. ಸಿವಿಲ್ ಸರ್ವೀಸಿನ ಅಧಿಕಾರಿ ಸೆಜ್‌ವಿಕ್ ಅವರೊಡನೆ ಉತ್ತರ ಕನ್ನಡದ ಗಿಡಮರಗಳ ಮಾದರಿಗಳನ್ನು ಸಂಗ್ರಹಿಸಿದರು. ಇಂಥ ಕಾರ್ಯವು ಒಬ್ಬರಿಂದಲೇ ನಡೆಯತಕ್ಕುದಲ್ಲವೆಂಬುದನ್ನೂ ನೆನೆಯಬೇಕು. ಆ ಕಾಲದ ನಿಸರ್ಗ ಸಂಶೋಧನೆಯೆಲ್ಲವೂ ಕಾಡಿನ ದಾರಿಯನ್ನು ಬಲ್ಲ ಸ್ಥಳೀಯರ ಕಣ್ಣು ಕೈಗಳನ್ನು ನೆಮ್ಮಿ ನಿಂತಿದ್ದಿತು. ಗ್ರಂಥಗಳ ಮುಖಪತ್ರಗಳಲ್ಲಿ ಅವರ ಹೆಸರುಗಳಿಲ್ಲ. ಮೇಲಾಗಿ, ಬೆಲ್ ಅವರು ಸೇವೆ ಸಲ್ಲಿಸಿದ ಇಲಾಖೆಯು ತೇಗದ ಮರಗಳನ್ನೂ ಅವುಗಳಿಂದ ಬರುವ ಹುಟ್ಟುವಳಿಯನ್ನೂ ಮುಖ್ಯವಾಗಿ ಎಣಿಸುತ್ತಿದ್ದ ಇಲಾಖೆ. ಅದರ ಕಟ್ಟಳೆಗಳಿಂದ ಕುಮರಿ ಬೇಸಾಯಗಾರರೂ, ಸೊಪ್ಪು ಸೌದೆಗಳಿಗೆ ಕಾಡನ್ನೇ ನಂಬಿದ್ದ ಹಳ್ಳಿಗರೂ ಪಟ್ಟ ಕಷ್ಟ ಸಣ್ಣದಲ್ಲ. 1930ರಲ್ಲಿ ಆ ಜಿಲ್ಲೆಯಲ್ಲಿ ಅರಣ್ಯ ಸತ್ಯಾಗ್ರಹವೇ ನಡೆಯಿತು. ಮರದ ಬೆಲೆಯನ್ನು ಕಟ್ಟುವ ಆ ವ್ಯವಸ್ಥೆಯೊಳಗೇ ಇದ್ದು, ಎಲೆಯ ಬೆನ್ನಿಗಂಟಿದ ಮೊಟ್ಟೆಯತ್ತ ದೃಷ್ಟಿಯಿಟ್ಟುದು ಬೆಲ್ ಅವರ ಜೀವನದ ವೈಶಿಷ್ಟ್ಯ.

ನಿವೃತ್ತರಾದ ಮೇಲೆ ಅವರು ಹುಟ್ಟೂರಿಗೆ ಮರಳದೆ ಕಾರವಾರದಲ್ಲಿಯೇ ನೆಲೆನಿಂತರು. ಅವರ ಬಾಳಿನ ಅತ್ಯುತ್ತಮ ಫಲವು ಕೈಗೂಡಿದುದು ಆ ಬಳಿಕವೇ. ಹ್ಯಾಂಪ್‌ಸನ್ ಅವರ ನಾಲ್ಕನೆಯ ಸಂಪುಟ ಬಂದು ನಲವತ್ತೊಂದು ವರ್ಷಗಳ ತರುವಾಯ, ಹ್ಯಾಂಪ್‌ಸನ್ ಅವರು ತೀರಿಕೊಂಡ ಮರುವರ್ಷ, ಅಂದರೆ 1937ರಲ್ಲಿ, ಅದೇ ಗ್ರಂಥಮಾಲೆಯಲ್ಲಿ ಪತಂಗಗಳನ್ನು ಕುರಿತ ಐದನೆಯ ಸಂಪುಟ ಪ್ರಕಟವಾಯಿತು. ಬೆಲ್ ಅವರೂ ಸೈನ್ಯಾಧಿಕಾರಿ ಮೇಜರ್ ಸ್ಕಾಟ್ ಅವರೂ ಸೇರಿ ಬರೆದ ಗ್ರಂಥವದು. ಆಗ ಬೆಲ್ ಅವರಿಗೆ ಎಪ್ಪತ್ತನಾಲ್ಕು ವರ್ಷ.

ಆ ಸಂಪುಟದ ವಿಷಯ ಗಿಡುಗಪತಂಗಗಳ ಕುಟುಂಬ. ಗಿಡುಗನಂತೆ ಚೂಪಾದ ರೆಕ್ಕೆ, ಬಲವಾದ ಮೈ, ಅತಿ ವೇಗದ ಹಾರಾಟ ಇವುಗಳಿಂದ ಆ ಹೆಸರು ಬಂದಿದೆ. ಇವುಗಳ ಹುಳುಗಳಿಗೆ ಸಾಮಾನ್ಯವಾಗಿ ಬಾಲದ ಬಳಿ ಒಂದು ಕೊಂಬಿರುತ್ತದೆ. ನೋಡಿದವರು ಬೆದರುವುದುಂಟು, ಆದರೆ ಅದರಿಂದ ಯಾವ ಅಪಾಯವೂ ಇಲ್ಲ. ಸಂಜೆ ಅರಳುವ ಬಿಳಿಯ, ಪರಿಮಳದ, ನೀಳ ಕೊಳವೆಯ ಹೂಗಳ ಮುಂದೆ ಗಾಳಿಯಲ್ಲಿಯೇ ನಿಂತು, ಉದ್ದನೆಯ ನಾಲಗೆಯನ್ನು ಚಾಚಿ ಮಧುವನ್ನು ಹೀರಿ, ಪರಾಗವನ್ನು ಹೂವಿನಿಂದ ಹೂವಿಗೆ ಒಯ್ಯುವ ಉಪಕಾರಿಗಳಿವು. ರಾಥ್‌ಚೈಲ್ಡ್ ಮತ್ತು ಜೋರ್ಡನ್ ಎಂಬ ವಿದ್ವಾಂಸರು 1903ರಲ್ಲಿ ಜಗತ್ತಿನ ಗಿಡುಗಪತಂಗಗಳನ್ನೆಲ್ಲ ವರ್ಗೀಕರಿಸಿದ್ದರು. ಆ ಚೌಕಟ್ಟಿಗೆ ಬೆಲ್ ಮತ್ತು ಸ್ಕಾಟ್ ಅವರು ಜೀವವನ್ನು ತುಂಬಿದರು. ಮೊಟ್ಟೆ, ಹುಳು, ಕೋಶ, ಆಹಾರದ ಗಿಡ, ನಡವಳಿಕೆ ಇವೆಲ್ಲವೂ ಅಲ್ಲಿ ವಿವರವಾಗಿ ಬಂದಿವೆ.

ಆ ಗ್ರಂಥದಲ್ಲಿ ವರ್ಣಿತವಾದ ಪತಂಗಗಳು ಮಾಲೂರಿನಂಥ ಬಯಲು ನಾಡಿಗೆ ಅಪರಿಚಿತವಲ್ಲ. ಬೆನ್ನಿನ ಮೇಲೆ ತಲೆಬುರುಡೆಯಂಥ ಗುರುತನ್ನು ಹೊತ್ತು, ಮುಟ್ಟಿದರೆ ಕಿರ್ರೆಂದು ಸದ್ದು ಮಾಡುವ, ಜೇನುಗೂಡಿಗೆ ನುಗ್ಗಿ ಜೇನನ್ನು ಹೀರುವ ಪತಂಗದ ಹುಳುವು ಎಳ್ಳು, ಅವರೆ, ಬದನೆ ಜಾತಿಯ ಗಿಡಗಳನ್ನು ಮೇಯುತ್ತದೆ. ಹಸಿರು ಅಮೃತಶಿಲೆಯ ಚಿತ್ತಾರದಂತಿರುವ ಇನ್ನೊಂದರ ಹುಳುವಿಗೆ ಕಣಗಿಲೆಯೂ ನಂದಿಬಟ್ಟಲೂ ಆಹಾರ. ಮತ್ತೊಂದು ಗೆಣಸಿನ ಬಳ್ಳಿಯನ್ನು, ಬೇರೊಂದು ದ್ರಾಕ್ಷಿ ಮತ್ತು ಕೆಸುವಿನ ಎಲೆಯನ್ನು, ಇನ್ನೂ ಒಂದು ಕುರುಚಲು ಕಾಡಿನ ಕವಳಿಯ ಪೊದೆಯನ್ನು ಆಶ್ರಯಿಸುತ್ತದೆ. ಜನರು ವಿಷವೆಂದು ದೂರವಿಡುವ ಕಣಗಿಲೆಯು ಒಂದು ಹುಳುವಿಗೆ ತಾಯ ಹಾಲಿನಂತಿರುವುದು ಸೃಷ್ಟಿಯ ಸೋಜಿಗ.

ಪತಂಗಗಳ ಪ್ರಾದೇಶಿಕ ಹಂಚಿಕೆಯ ಗುಟ್ಟೂ ಇಲ್ಲಿಯೇ ಅಡಗಿದೆ. ಹುಳುವಿನ ಗಿಡವು ಬೆಳೆಯುವ ಸೀಮೆಯಲ್ಲಿ ಮಾತ್ರ ಪತಂಗದ ವಂಶವು ನಿಲ್ಲುತ್ತದೆ; ಮಳೆ, ಚಳಿ, ಮಣ್ಣುಗಳು ಆ ಗಿಡವನ್ನೂ ಪತಂಗವನ್ನೂ ಕೂಡಿಯೇ ಆಳುತ್ತವೆ. ಹಲವು ಬಗೆಯ ಗಿಡಗಳಿಗೆ ಒಗ್ಗಿದ, ದೂರ ಹಾರಬಲ್ಲ ಜಾತಿಗಳು ಖಂಡಖಂಡಗಳನ್ನು ವ್ಯಾಪಿಸುತ್ತವೆ. ಗೆಣಸಿನ ಪತಂಗವೂ ಕಣಗಿಲೆಯ ಪತಂಗವೂ ಆಫ್ರಿಕದಿಂದ ಹಾರಿ ಯುರೋಪನ್ನು ಮುಟ್ಟುವುದುಂಟು. ಒಂದೇ ಗಿಡಕ್ಕೆ ಕಟ್ಟುಬಿದ್ದ ಜಾತಿಯು ಒಂದು ಕಣಿವೆಯಲ್ಲಿಯೇ ಉಳಿಯಬಹುದು. ಆ ಕಣಿವೆಯ ಕಾಡು ಅಳಿದರೆ ಅದೂ ಅಳಿಯುತ್ತದೆ. ದೇಶದ ಭೂಪಟದ ಮೇಲೆ ಪತಂಗಗಳ ನೆಲೆಗಳನ್ನು ಗುರುತಿಸುವವರು ಮೊದಲು ಗಿಡಗಳ ಭೂಪಟವನ್ನು ಓದಬೇಕೆಂಬುದು ಬೆಲ್ ಅವರ ಕಾರ್ಯದಿಂದ ಮನದಟ್ಟಾಗುವ ತತ್ತ್ವ.

ಆ ಸಂಪುಟಕ್ಕೂ ಒಂದು ಮಿತಿಯುಂಟು. ಬೆಲ್ ಅವರ ಅನುಭವ ಉತ್ತರ ಕನ್ನಡದ ಕಾಡಿನದು. ಸ್ಕಾಟ್ ಅವರದು ಅಸ್ಸಾಮಿನತ್ತಣ ಖಾಸಿ ಬೆಟ್ಟಗಳದು. ಎರಡೂ ಹೇರಳವಾಗಿ ಮಳೆ ಬೀಳುವ ಮಲೆನಾಡುಗಳು. ಹ್ಯಾಂಪ್‌ಸನ್ ಅವರ ಗ್ರಂಥದಲ್ಲಿಯೂ ಸಿಕ್ಕಿಂ, ಖಾಸಿ, ನೀಲಗಿರಿ, ಸಿಂಹಳಗಳ ಹೆಸರುಗಳೇ ಮತ್ತೆ ಮತ್ತೆ ಕಾಣಿಸುತ್ತವೆ. ಸಂಗ್ರಾಹಕನು ಎಲ್ಲಿ ನಿಂತನೋ ಅಲ್ಲಿ ಭೂಪಟ ತುಂಬಿತು. ನಿಲ್ಲದ ಸೀಮೆಯು ಭಾರತದಾದ್ಯಂತ ಎಂಬ ಒಂದು ಮಾತಿನಲ್ಲಿ ಅಡಗಿಹೋಯಿತು. ಕೆರೆಗಳ ನಾಡೂ ಕಲ್ಲುಗುಡ್ಡಗಳ ನಾಡೂ ಆದ ಕೋಲಾರದ ಬಯಲಿಗೆ ತನ್ನದೇ ಆದ ಬೆಲ್ ದೊರೆಯಲಿಲ್ಲ.

ಬೆಲ್ ಅವರು 1948ರಲ್ಲಿ ಕಾಲವಾದರು. ಅವರಿಗೆ ಮಹಾವಿದ್ಯಾಲಯದ ಪೀಠವಾಗಲಿ ದೊಡ್ಡ ಪ್ರಯೋಗಶಾಲೆಯಾಗಲಿ ಇರಲಿಲ್ಲ. ಒಂದು ಸೀಮೆಯಲ್ಲಿ ನೆಲೆನಿಂತು, ಅದರ ಗಿಡಗಳನ್ನು ಹೆಸರುಹಿಡಿದು ಕರೆಯಬಲ್ಲವರಾಗಿ, ಋತುವಿನಿಂದ ಋತುವಿಗೆ ಕಂಡುದನ್ನು ದಿನಾಂಕಸಹಿತ ಬರೆದಿಡುವ ತಾಳ್ಮೆಯೇ ಆ ವಿದ್ಯೆಯ ಬಂಡವಾಳ. ಆ ಬಂಡವಾಳವು ಬಯಲು ಸೀಮೆಯ ಶಾಲೆಗಳಿಗೂ ಎಟುಕದುದಲ್ಲ. ಹಿಪ್ಪುನೇರಳೆಯ ಸೊಪ್ಪನ್ನು ಹೊತ್ತು ತಂದು ಹುಳುವಿಗೆ ಉಣಿಸುವ ಮನೆಗಳ ಮಕ್ಕಳಿಗೆ ಸಾಕುವ ಕಲೆಯನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ. ಶಾಲೆಯ ತೋಟದ ಕಣಗಿಲೆಯ ಎಲೆಯಡಿಯಲ್ಲಿ ಕಂಡ ಹುಳುವನ್ನು ಹೊಸಕದೆ, ಅದೇ ಸೊಪ್ಪನ್ನಿಕ್ಕಿ ಬೆಳೆಸಿ, ಅದು ರೆಕ್ಕೆ ಬಿಚ್ಚಿದ ದಿನವನ್ನು ಒಂದು ಪುಸ್ತಕದಲ್ಲಿ ಬರೆದಿಡುವಂತೆ ಉಪಾಧ್ಯಾಯರು ಕಲಿಸಿದರೆ, ಹಿಂದಿನ ಸಂಪುಟಗಳು ಬಿಟ್ಟ ಜಾಗದಲ್ಲಿ ಕೋಲಾರ ಸೀಮೆಯ ಒಂದೊಂದು ಗೆರೆ ತುಂಬುತ್ತ ಹೋಗುವುದು.